ಮೂತ್ರಪಿಂಡವನ್ನು ಕೊಟ್ಟವಳು ಬಸುರಾದಾಗ

1954ರ ಡಿಸೆಂಬರ್ 23ರಂದು ಬಾಸ್ಟನ್ ನಗರದ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯಲ್ಲಿ ಡಾಕ್ಟರ್ ಜೋಸೆಫ್ ಮರ್ರೆಯವರು ಅವಳಿ ಸಹೋದರರಲ್ಲಿ ಒಬ್ಬನ ಮೂತ್ರಪಿಂಡವನ್ನು ತೆಗೆದು ಮತ್ತೊಬ್ಬನ ಒಡಲಿನಲ್ಲಿ ನೆಲೆಗೊಳಿಸಿ, ಅದುವರೆಗೆ ವೈದ್ಯರ ಅಭಿಲಾಷೆಯಾಗಿ ಮಾತ್ರವೇ ಇದ್ದ ಕಾರ್ಯವನ್ನು ಸಾಧಿಸಿ ತೋರಿಸಿದರು. ಅದಾದ ಎರಡು ವರ್ಷಗಳೊಳಗಾಗಿ, 1956ರಲ್ಲಿ, ಅದೇ ಆಸ್ಪತ್ರೆಯಲ್ಲಿ ಓಕ್ಲಹೋಮದ ಈಡಿತ್ ಹೆಲ್ಮ್ ಎಂಬ 21 ವರ್ಷದ ತರುಣಿ ತನ್ನ ಅವಳಿ ಸೋದರಿಯ ಮೂತ್ರಪಿಂಡವನ್ನು ಪಡೆದು, 1958ರಲ್ಲಿ ಒಂದು ಮಗುವಿನ ತಾಯಿಯಾದಾಗ, ಕಸಿಯಾದ ಅಂಗವು ಬಸಿರಿನ ಭಾರವನ್ನು ತಾಳಬಲ್ಲುದೆಂಬುದು ಮೊದಲ ಬಾರಿಗೆ ಸಿದ್ಧವಾಯಿತು. ಪಡೆದವಳ ಬಸಿರಿನ ವಿಷಯದಲ್ಲಿ ಇಷ್ಟು ಬೇಗ ಕುತೂಹಲ ತಳೆದ ವೈದ್ಯಶಾಸ್ತ್ರವು ಕೊಟ್ಟವಳ ಬಸಿರನ್ನು ಸಾವಿರಗಳ ಲೆಕ್ಕದಲ್ಲಿ ಎಣಿಸಿ ನೋಡುವುದಕ್ಕೆ ಮಾತ್ರ ಮತ್ತೆ ಅರ್ಧ ಶತಮಾನವನ್ನೇ ತೆಗೆದುಕೊಂಡಿತು. ಇದರಲ್ಲಿ ಯಾರ ದುರುದ್ದೇಶವೂ ಇರಲಿಲ್ಲ. ಪಡೆದವಳು ರೋಗಿಯಾದುದರಿಂದ ಆಸ್ಪತ್ರೆಗೆ ಮತ್ತೆ ಮತ್ತೆ ಬರುತ್ತಿದ್ದಳು. ಕೊಟ್ಟವಳು ಆರೋಗ್ಯವಂತೆಯಾದುದರಿಂದ ಹೊಲಿಗೆ ಒಣಗಿದೊಡನೆ ಮನೆಗೆ ಹೋದಳು, ಹೋದವಳನ್ನು ಯಾರೂ ಕರೆಯಲಿಲ್ಲ.

ನಮ್ಮ ದೇಶದಲ್ಲಿ ಜೀವಂತ ದಾನಿಯ ಮೂತ್ರಪಿಂಡದ ಕಸಿ 1971ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಯಶಸ್ವಿಯಾದಂದಿನಿಂದ ಇಂದಿನವರೆಗೂ ಕಸಿಯ ಬಹುಭಾಗ ಜೀವಂತ ದಾನಿಗಳಿಂದಲೇ, ಅವರಲ್ಲಿಯೂ ಬಹುಮಟ್ಟಿಗೆ ಹೆಂಗಸರಿಂದಲೇ ನಡೆದುಬಂದಿದೆ. 1995ರಿಂದ 2021ರವರೆಗೆ ದೇಶದಲ್ಲಾದ 36,640 ಅಂಗಕಸಿಗಳಲ್ಲಿ 29,695 ಗಂಡಸರಿಗೆ ಆದುವೆಂದು ರಾಷ್ಟ್ರೀಯ ಅಂಗಾಂಗ ಮತ್ತು ಅಂಗಾಂಶ ಕಸಿ ಸಂಸ್ಥೆಯ ಲೆಕ್ಕ ಹೇಳುತ್ತದೆ. ಕೊಡುವ ಕೈ ಹೆಣ್ಣಿನದು, ಪಡೆಯುವ ಒಡಲು ಗಂಡಿನದು ಎಂಬ ಈ ವ್ಯವಸ್ಥೆಯ ಔಚಿತ್ಯವನ್ನು ಕುರಿತು ಬೇರೆಯೇ ಒಂದು ಅಂಕಣವನ್ನು ಬರೆಯಬಹುದು. ಇಲ್ಲಿ ಪ್ರಸ್ತುತವಾದುದು ಇಷ್ಟೇ: ಈ ಹೆಂಗಸರಲ್ಲಿ ಅನೇಕರು ಮಕ್ಕಳಿಗಾಗಿ ಮೂತ್ರಪಿಂಡವನ್ನು ಕೊಟ್ಟ ತಾಯಂದಿರು, ಅವರ ಹೆರಿಗೆಯ ಕಾಲ ಎಂದೋ ಮುಗಿದಿರುತ್ತದೆ, ಉಳಿದವರಲ್ಲಿ ಗಂಡನಿಗಾಗಿ ಕೊಟ್ಟ ಎಳೆಯ ಪ್ರಾಯದ ಹೆಂಡತಿ, ಅಣ್ಣನಿಗಾಗಿ ಕೊಟ್ಟ ತಂಗಿ, ತಂದೆಗಾಗಿ ಕೊಟ್ಟ ಮಗಳು ಇರುತ್ತಾರೆ. ಸಂಖ್ಯೆಯಲ್ಲಿ ಸ್ವಲ್ಪವಾದ ಈ ಎರಡನೆಯ ವರ್ಗದವರ ಮುಂದಿನ ಬಸಿರೇ ಈ ಬರಹದ ವಿಷಯ.

ದಾನಕ್ಕೆ ಮೊದಲು ವೈದ್ಯರು ಅವರಿಗೆ ಹೇಳುವ ಮಾತು ಪ್ರಸಿದ್ಧವಾಗಿಯೇ ಇದೆ: ಮನುಷ್ಯನಿಗೆ ಒಂದು ಮೂತ್ರಪಿಂಡ ಸಾಕು. ಮಾತು ಸುಳ್ಳಲ್ಲ. ಒಂದೊಂದು ಮೂತ್ರಪಿಂಡದಲ್ಲಿಯೂ ರಕ್ತವನ್ನು ಸೋಸುವ ಸೂಕ್ಷ್ಮ ಘಟಕಗಳು ಸುಮಾರು ಹತ್ತು ಲಕ್ಷ ಇರುವುವು. ಆರೋಗ್ಯವಂತ ತರುಣ ದೇಹದಲ್ಲಿ ಎರಡೂ ಕೂಡಿ ನಿಮಿಷವೊಂದಕ್ಕೆ 100ರಿಂದ 120 ಮಿಲಿಲೀಟರಿನಷ್ಟು ದ್ರವವನ್ನು ಸೋಸುವುವು. ಒಂದನ್ನು ತೆಗೆದೊಡನೆ ಈ ಶಕ್ತಿ ಅರ್ಧಕ್ಕೆ ಇಳಿಯುತ್ತದೆಯಾದರೂ, ಉಳಿದದ್ದು ತನ್ನ ಹೊಣೆಯನ್ನರಿತುಕೊಂಡಂತೆ ಕೆಲವು ತಿಂಗಳಲ್ಲಿ ಗಾತ್ರದಲ್ಲಿಯೂ ದುಡಿಮೆಯಲ್ಲಿಯೂ ಹಿಗ್ಗಿ, ಒಟ್ಟು ಶಕ್ತಿಯನ್ನು ಮೊದಲಿನ ಶೇಕಡ 65-70ರ ಮಟ್ಟಕ್ಕೆ ತಂದು ನಿಲ್ಲಿಸುತ್ತದೆ. ನಿತ್ಯಜೀವನಕ್ಕೆ ಇದು ಧಾರಾಳವಾಗಿ ಸಾಕು. ಆದರೆ ಬಸಿರು ನಿತ್ಯಜೀವನವಲ್ಲ. ಗರ್ಭಿಣಿಯ ಮೈಯಲ್ಲಿ ರಕ್ತದ ಪ್ರಮಾಣವು ಶೇಕಡ 40ರಿಂದ 50ರಷ್ಟು ಏರುತ್ತದೆ. ಮೂರನೆಯ ನಾಲ್ಕನೆಯ ತಿಂಗಳ ಹೊತ್ತಿಗೆ ಮೂತ್ರಪಿಂಡಗಳು ಸೋಸುವ ದ್ರವವೂ ಸರಿಸುಮಾರು ಒಂದೂವರೆಪಟ್ಟಾಗುತ್ತದೆ. ತಾಯಿಯದೂ ಶಿಶುವಿನದೂ ಆದ ಕಶ್ಮಲವೆಲ್ಲವೂ ಆ ದಾರಿಯಿಂದಲೇ ಹೊರಬೀಳಬೇಕು. ಜೋಡಿ ಎತ್ತಿನ ಗಾಡಿಯನ್ನು ಒಂಟಿ ಎತ್ತು ಸಮನೆಲದಲ್ಲಿ ಸಲೀಸಾಗಿ ಎಳೆಯಬಹುದು. ಏರುದಾರಿಯಲ್ಲಿಯೂ ಬಹುಶಃ ಎಳೆದೀತು. ಆದರೆ ಏರಿನಲ್ಲಿ ಗಾಡಿಯ ಪಕ್ಕದಲ್ಲಿ ಒಬ್ಬರು ನಡೆಯುತ್ತಿರುವುದು ಒಳ್ಳೆಯದು. ಒಂದು ಮೂತ್ರಪಿಂಡ ಸಾಕೆಂಬ ಮಾತಿಗೆ ಸೇರಿಸಬೇಕಾದ ಉಪವಾಕ್ಯ ಇದು, ಸಾಮಾನ್ಯವಾಗಿ ಬಿಟ್ಟುಹೋಗುವುದೂ ಇದೇ.

ಏರುದಾರಿಯಲ್ಲಿ ಎದುರಾಗಬಹುದಾದ ಮುಖ್ಯ ವಿಘ್ನವು ರಕ್ತದೊತ್ತಡದ್ದು. ಬಸಿರಿನ ಇಪ್ಪತ್ತನೆಯ ವಾರ ಕಳೆದ ಮೇಲೆ, ಅದುವರೆಗೆ ನೆಟ್ಟಗಿದ್ದ ಒತ್ತಡವು 140/90ರ ಗೆರೆಯನ್ನು ಮುಟ್ಟಿದರೆ ಅಥವಾ ದಾಟಿದರೆ ಅದನ್ನು ಬಸಿರಿನ ಬಿ.ಪಿ. ಎನ್ನುತ್ತಾರೆ, ಅದರೊಡನೆ ಮೂತ್ರದಲ್ಲಿ ಪ್ರೋಟೀನು ಹೋಗತೊಡಗಿದರೆ, ಇಲ್ಲವೆ ಯಕೃತ್ತು, ಮಿದುಳು, ರಕ್ತದ ಕಿರುಫಲಕಗಳೇ ಮೊದಲಾದುವು ಕೆಡುವ ಲಕ್ಷಣ ತೋರಿದರೆ, ಅದು ಪ್ರಿ-ಎಕ್ಲಾಂಪ್ಸಿಯ ಎಂಬ ವ್ಯಾಧಿ. ನಮ್ಮ ಹಿರಿಯರು ಬಸುರಿನ ನಂಜೆಂದು ಕರೆದು ಹೆದರುತ್ತಿದ್ದ ಸ್ಥಿತಿಗಳಲ್ಲಿ ಇದೂ ಸೇರಿತ್ತು. ಇದರ ಮೂಲವಿರುವುದು ಮಾಸಿನಲ್ಲಿ: ಗರ್ಭಕೋಶದ ರಕ್ತನಾಳಗಳು ಅಗಲವಾಗಬೇಕಾದಷ್ಟು ಅಗಲವಾಗದೆ ಮಾಸಿಗೆ ರಕ್ತದ ಅಭಾವವುಂಟಾದಾಗ, ಅದು ತಾಯಿಯ ರಕ್ತಕ್ಕೆ ಬಿಡುವ ಕೆಲವು ದ್ರವ್ಯಗಳು ಮೈಯ ನಾಳಗಳ ಒಳಪದರವನ್ನೆಲ್ಲ ಕೆಣಕುತ್ತವೆ. ಆ ಕೆಣಕಿಗೆ ಬಹುಬೇಗ ನೋಯುವ ಅಂಗ ಮೂತ್ರಪಿಂಡ. ಎರಡರ ಬದಲು ಒಂದೇ ಇದ್ದು, ಅದೂ ಆಗಲೇ ಹಿಗ್ಗಿ ದುಡಿಯುತ್ತಿದ್ದರೆ, ಆಪತ್ಕಾಲಕ್ಕೆಂದು ಮಿಗಿಸಿಟ್ಟ ಶಕ್ತಿಯು ಅಷ್ಟರಮಟ್ಟಿಗೆ ಕಡಿಮೆ. ವ್ಯಾಧಿಯು ಮುಂದುವರಿದರೆ ಸೆಳವು ಬರುವುದುಂಟು. ರಕ್ತಸ್ರಾವವನ್ನು ಬಿಟ್ಟರೆ ನಮ್ಮಲ್ಲಿ ತಾಯಂದಿರ ಮರಣಕ್ಕೆ ದೊಡ್ಡ ಕಾರಣಗಳಲ್ಲಿ ಇದೊಂದು. ಆದುದರಿಂದ ಇದರ ಹೆಸರನ್ನು ಹಗುರವಾಗಿ ಎತ್ತುವಂತಿಲ್ಲ. ಎತ್ತಿದ ಮೇಲೆ ಪ್ರಮಾಣವನ್ನು ಹೇಳದೆ ಬಿಡುವಂತೆಯೂ ಇಲ್ಲ.

ಪ್ರಮಾಣವನ್ನು ತಿಳಿಯುವ ಮೊದಲ ದೊಡ್ಡ ಯತ್ನ ಅಮೆರಿಕದ ಮಿನೆಸೋಟದಲ್ಲಿ ನಡೆದು, ಅದರ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ದಾನಿಗಳಾದ 1,085 ಹೆಂಗಸರು ತಮ್ಮ 3,213 ಬಸಿರುಗಳ ವೃತ್ತಾಂತವನ್ನು ತಿಳಿಸಿದರು. ಅವುಗಳಲ್ಲಿ 490 ದಾನದ ನಂತರದವು. ದಾನಕ್ಕೆ ಮುಂಚಿನ ಬಸಿರುಗಳಲ್ಲಿ ಶೇಕಡ 0.8ರಷ್ಟಿದ್ದ ಪ್ರಿ-ಎಕ್ಲಾಂಪ್ಸಿಯವು ನಂತರದ ಬಸಿರುಗಳಲ್ಲಿ ಶೇಕಡ 5.5ಕ್ಕೆ ಏರಿತ್ತು, ತಿಂಗಳು ತುಂಬಿ ಆದ ಹೆರಿಗೆಗಳು ಶೇಕಡ 84.6ರಿಂದ 73.7ಕ್ಕೆ ಇಳಿದಿದ್ದುವು, ಗರ್ಭನಷ್ಟವು 11.3ರಿಂದ 19.2ಕ್ಕೆ ಹೆಚ್ಚಿತ್ತು. ಈ ಅಂಕಿಗಳನ್ನು ಹಾಗೆಯೇ ಓದಿದವರು ಬೆಚ್ಚುವುದು ಸಹಜ. ಆದರೆ ಅಂಕಿಗಳನ್ನು ಓದುವುದಕ್ಕೂ ಒಂದು ಸಂಯಮ ಬೇಕು. ಇಲ್ಲಿ ಹೋಲಿಸಿದ್ದು ಅದೇ ಹೆಂಗಸರ ಹಿಂದಿನ ಬಸಿರನ್ನು ಮುಂದಿನದರೊಡನೆ. ನಡುವೆ ಮೂತ್ರಪಿಂಡವೊಂದು ಹೋದದ್ದು ನಿಜವಾದರೂ, ಅದರೊಡನೆ ವರ್ಷಗಳೂ ಕಳೆದಿದ್ದುವು, ವಯಸ್ಸು ಏರಿದಂತೆಲ್ಲ ಯಾವ ಹೆಂಗಸಿನಲ್ಲಿಯೇ ಆಗಲಿ ಗರ್ಭನಷ್ಟವೂ ರಕ್ತದೊತ್ತಡವೂ ಹೆಚ್ಚುವುದುಂಟು. ಅಲ್ಲದೆ, ಬಸಿರಿನಲ್ಲಿ ಬಿ.ಪಿ. ಏರಿದ್ದವಳನ್ನು ದಾನಕ್ಕೆ ಆರಿಸುವಾಗಲೇ ವೈದ್ಯರು ಹಿಂದೆಗೆಯುವುದರಿಂದ, ದಾನಿಗಳ ಹಿಂದಿನ ಬಸಿರುಗಳು ಶೋಧಿಸಿ ಇಟ್ಟ ಬಸಿರುಗಳು. ನಂತರದ ಪ್ರಮಾಣವು ಊರಿನ ಸಾಮಾನ್ಯ ಹೆಂಗಸರದಕ್ಕಿಂತ ಹೆಚ್ಚೇನೂ ಇಲ್ಲವೆಂದು ಆ ಸಂಶೋಧಕರೇ ಬರೆದಿದ್ದರು. ಅದೇ ವರ್ಷ ನಾರ್ವೆಯಿಂದ ಬಂದ ಇನ್ನೊಂದು ವರದಿಯಲ್ಲಿ ದಾನಾನಂತರದ 106 ಬಸಿರುಗಳಲ್ಲಿ ಪ್ರಿ-ಎಕ್ಲಾಂಪ್ಸಿಯ ಶೇಕಡ 5.7 ಎಂದಿತ್ತು, ದಾನಕ್ಕೆ ಮೊದಲು ಅದು 2.6.

ಸಾಮಾನ್ಯರಿಗಿಂತ ಹೆಚ್ಚಿಲ್ಲವೆಂಬ ಈ ಸಮಾಧಾನದಲ್ಲಿ ಒಂದು ಹುಳುಕಿದೆ, ಅದನ್ನು ಎತ್ತಿ ತೋರಿಸಲೇಬೇಕು. ದಾನಿಯಾಗುವುದಕ್ಕೆ ಮೊದಲು ಆಕೆಯ ರಕ್ತ, ಮೂತ್ರ, ಹೃದಯ, ಸಕ್ಕರೆ, ಒತ್ತಡ ಎಲ್ಲವನ್ನೂ ಜಾಲಿಸಿ, ಲವಲೇಶವೂ ದೋಷವಿಲ್ಲದವಳೆಂದು ಕಂಡ ಮೇಲೆ ಶಸ್ತ್ರಕ್ರಿಯೆಯ ಮೇಜಿಗೆ ಒಯ್ಯುತ್ತಾರೆ. ಅಂಥವಳು ದಾನವಾದ ಮೇಲೆ ಊರಿನ ಸಾಮಾನ್ಯಳ ಮಟ್ಟಕ್ಕೆ ಬಂದಳೆಂದರೆ, ಆಕೆ ತನ್ನ ಮಟ್ಟದಿಂದ ಒಂದು ಮೆಟ್ಟಿಲು ಇಳಿದಳೆಂದೇ ಅರ್ಥ. ಆದುದರಿಂದ ಸರಿಯಾದ ಹೋಲಿಕೆ ನಡೆಯಬೇಕಾದುದು ದಾನಿಗೂ, ದಾನ ಮಾಡಬಹುದಾಗಿದ್ದಷ್ಟು ಆರೋಗ್ಯವಂತೆಯಾಗಿದ್ದು ಮಾಡದೆ ಉಳಿದವಳಿಗೂ.

ಈ ಹೋಲಿಕೆಯನ್ನು ಮಾಡಿದವರು ಕೆನಡದ ಆಂಟೇರಿಯೊ ಪ್ರಾಂತದ ವೈದ್ಯರು. ಅಮಿತ್ ಗರ್ಗ್ ಎಂಬವರೂ ಅವರ ಸಹೋದ್ಯೋಗಿಗಳೂ ಅಲ್ಲಿನ ಸರ್ಕಾರಿ ಆರೋಗ್ಯ ದಾಖಲೆಗಳಿಂದ 85 ದಾನಿಗಳನ್ನೂ, ಅವರಿಗೆ ವಯಸ್ಸು, ವರಮಾನ, ವಾಸಸ್ಥಳ, ಹಿಂದಿನ ಬಸಿರುಗಳ ಸಂಖ್ಯೆ ಮುಂತಾದುವುಗಳಲ್ಲಿ ಸರಿಹೊಂದುವ 510 ಆರೋಗ್ಯವಂತೆಯರನ್ನೂ ಆರಿಸಿಕೊಂಡು, 2015ರ ನ್ಯೂ ಇಂಗ್ಲೆಂಡ್ ವೈದ್ಯಕೀಯ ಪತ್ರಿಕೆಯಲ್ಲಿ ಫಲವನ್ನು ಪ್ರಕಟಿಸಿದರು. ದಾನಿಗಳ 131 ಬಸಿರುಗಳಲ್ಲಿ 15ರಲ್ಲಿ, ಎಂದರೆ ಶೇಕಡ 11ರಲ್ಲಿ, ಬಸಿರಿನ ಬಿ.ಪಿ. ಅಥವಾ ಪ್ರಿ-ಎಕ್ಲಾಂಪ್ಸಿಯ ಕಂಡುಬಂದಿತ್ತು. ಇತರರ 788 ಬಸಿರುಗಳಲ್ಲಿ 38ರಲ್ಲಿ, ಎಂದರೆ ಶೇಕಡ 5ರಲ್ಲಿ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳು ದಾನಿಗಳಲ್ಲಿ ಶೇಕಡ 8, ಇತರರಲ್ಲಿ 7. ತೂಕ ಕಡಿಮೆಯಿದ್ದ ಶಿಶುಗಳು 6 ಮತ್ತು 4. ಈ ಎರಡು ವಿಷಯಗಳಲ್ಲಿಯೂ ವ್ಯತ್ಯಾಸವು ಗಣನೆಗೆ ಬರುವಂಥದಾಗಿರಲಿಲ್ಲ. ದಾನಿಗಳಲ್ಲಿ ತಾಯಿ ಸತ್ತದ್ದಾಗಲಿ, ಶಿಶು ಸತ್ತು ಹುಟ್ಟಿದ್ದಾಗಲಿ, ಹುಟ್ಟಿದ ಕೂಸು ಕೆಲದಿನಗಳಲ್ಲಿ ತೀರಿಕೊಂಡದ್ದಾಗಲಿ ಒಂದೂ ಇರಲಿಲ್ಲ.

ಅಪಾಯವು ಇಮ್ಮಡಿಯಾಗುತ್ತದೆ ಎಂದು ಬರೆದರೂ ಸತ್ಯ. ದಾನಿಗಳ ನೂರು ಬಸಿರುಗಳಲ್ಲಿ ಎಂಬತ್ತೊಂಬತ್ತರಲ್ಲಿ ಈ ತೊಂದರೆ ತಲೆಹಾಕುವುದೇ ಇಲ್ಲವೆಂದು ಬರೆದರೂ ಸತ್ಯ. ಮೊದಲನೆಯದನ್ನು ಮಾತ್ರ ಹೇಳಿದರೆ, ತಮ್ಮನನ್ನು ಉಳಿಸಿಕೊಳ್ಳಬೇಕೆಂದು ಹೊರಟ ಅಕ್ಕ ಹೆದರಿ ಹಿಂತಿರುಗಬಹುದು. ಎರಡನೆಯದನ್ನು ಮಾತ್ರ ಹೇಳಿದರೆ, ಆಕೆ ನಿಶ್ಚಿಂತಳಾಗಿ ಐದನೆಯ ತಿಂಗಳವರೆಗೆ ಯಾವ ವೈದ್ಯರ ಬಳಿಗೂ ಹೋಗದೆ ಉಳಿಯಬಹುದು. ಎರಡನ್ನೂ, ಒಂದೇ ಉಸಿರಿನಲ್ಲಿ, ಆಕೆಗೆ ಅರ್ಥವಾಗುವ ಕನ್ನಡದಲ್ಲಿ, ದಾನಕ್ಕೆ ಮೊದಲೇ ಹೇಳಬೇಕಾದುದು ವೈದ್ಯರ ಧರ್ಮ. ಮೂತ್ರಪಿಂಡದ ರೋಗಗಳನ್ನು ಕುರಿತ ಅಂತರರಾಷ್ಟ್ರೀಯ ಮಂಡಲಿಯಾದ ಕೆಡಿಗೊ 2017ರಲ್ಲಿ ಪ್ರಕಟಿಸಿದ ಮಾರ್ಗದರ್ಶಿಯೂ ಹೀಗೆಯೇ ಹೇಳುತ್ತದೆ: ಮುಂದೆ ಮಕ್ಕಳು ಬೇಕೆಂಬ ಇಚ್ಛೆಯೊಂದೇ ಕಾರಣವಾಗಿ ಹೆಂಗಸನ್ನು ದಾನದಿಂದ ಹೊರಗಿಡಕೂಡದು, ಆದರೆ ಆ ಇಚ್ಛೆಯನ್ನು ಕೇಳಿ ತಿಳಿಯಬೇಕು, ಹಿಂದಿನ ಬಸಿರಿನಲ್ಲಿ ಬಿ.ಪಿ. ಏರಿತ್ತೇ ಎಂದು ವಿಚಾರಿಸಬೇಕು, ಮುಂದಿನ ಬಸಿರಿನಲ್ಲಿ ಅದು ಏರುವ ಸಂಭವ ಹೆಚ್ಚೆಂಬುದನ್ನು ತಿಳಿಸಬೇಕು.

ನಮ್ಮ ಮನೆಗಳಲ್ಲಿ ಈ ವಿಚಾರಣೆ ನಡೆಯುವ ಬಗೆ ಬೇರೆ. ಮನೆಯಲ್ಲಿ ಯಾರು ಕೊಡುವುದೆಂಬ ಪ್ರಶ್ನೆ ಎದ್ದಾಗ, ಹಿರಿಯರಲ್ಲಿ ಒಬ್ಬರು "ಅವಳು ಬೇಡ, ಮದುವೆಯಾಗಬೇಕಾದ ಹುಡುಗಿ" ಎನ್ನುತ್ತಾರೆ. ಮಾತು ಹೊರಡುವುದು ವರನ ಕಡೆಯವರು ಏನೆಂದಾರೋ ಎಂಬ ಅಂಜಿಕೆಯಿಂದಲೇ ಹೊರತು ಹುಡುಗಿಯ ಮೇಲಣ ವೈದ್ಯಕೀಯ ಕಾಳಜಿಯಿಂದಲ್ಲ. ಆದರೂ ತಪ್ಪು ದಾರಿಯಲ್ಲಿ ನಡೆದು ಸರಿಯಾದ ಊರನ್ನು ಮುಟ್ಟಿದ ಮಾತು ಅದು. ಮನೆಯಲ್ಲಿ ಹೊಂದುವ ಮೂತ್ರಪಿಂಡವುಳ್ಳವರು ಇಬ್ಬರಿದ್ದು, ಒಬ್ಬಳ ಹೆರಿಗೆಗಳು ಮುಗಿದಿದ್ದು ಇನ್ನೊಬ್ಬಳದು ಆರಂಭವೇ ಆಗಿಲ್ಲದಿದ್ದರೆ, ಮೊದಲನೆಯವಳು ಕೊಡುವುದು ಯುಕ್ತ. ಎಳೆಯ ಹೆಂಡತಿಯ ವಿಷಯದಲ್ಲಿ ಮಾತ್ರ ಈ ಹಿರಿಯರ ದನಿ ಅಷ್ಟಾಗಿ ಕೇಳಿಬರುವುದಿಲ್ಲ, ಗಂಡನಿಗೆ ಹೆಂಡತಿ ಕೊಡುವುದು ಸಹಜವೆಂದು ಎಲ್ಲರೂ ಸುಮ್ಮನಿರುತ್ತಾರೆ. 1994ರ ಅಂಗಕಸಿ ಕಾಯಿದೆಗೆ 2014ರಲ್ಲಿ ಮಾಡಿದ ನಿಯಮಗಳು ಇದನ್ನು ಊಹಿಸಿದಂತಿವೆ: ದಾನಿ ಹೆಂಗಸಾದಲ್ಲಿ ಹೆಚ್ಚಿನ ಎಚ್ಚರವನ್ನು ವಹಿಸಬೇಕೆಂದೂ, ಆಕೆಯ ಸ್ವತಂತ್ರವಾದ ಒಪ್ಪಿಗೆಯನ್ನು ಪಡೆಯುವವನಲ್ಲದ ಬೇರೊಬ್ಬರು ದೃಢಪಡಿಸಬೇಕೆಂದೂ ಅಲ್ಲಿ ವಿಧಿಸಿದೆ. ಆ ದೃಢೀಕರಣದ ಹೊತ್ತಿಗೆ ಆಕೆಯನ್ನು ಒಂಟಿಯಾಗಿ ಕೂರಿಸಿಕೊಂಡು, "ಮುಂದೆ ಮಕ್ಕಳು ಬೇಕೇನಮ್ಮಾ?" ಎಂದು ಒಂದು ಮಾತು ಕೇಳಿದರೆ ನಿಯಮಕ್ಕೆ ಜೀವ ಬರುತ್ತದೆ.

ಕೊಟ್ಟಾದ ಮೇಲೆ ಬಸಿರಿಗೆ ಅವಸರಪಡಬಾರದು. ಉಳಿದ ಮೂತ್ರಪಿಂಡವು ಹಿಗ್ಗಿ ನೆಲೆಗೊಳ್ಳುವುದಕ್ಕೆ ಆರು ತಿಂಗಳಾದರೂ, ಸಾಧ್ಯವಾದರೆ ವರ್ಷವೊಂದಾದರೂ ಬಿಡಬೇಕೆಂದು ವೈದ್ಯರು ಹೇಳುವುದು ವಾಡಿಕೆ. ಬಸಿರಿಗೆ ಮುಂಚೆ ಒಮ್ಮೆ, ಮೂತ್ರಪಿಂಡವು ರಕ್ತದಿಂದ ಸೋಸಿ ಹಾಕಬೇಕಾದ ಕಶ್ಮಲವಾದ ಕ್ರಿಯಾಟಿನಿನ್ನನ್ನೂ, ಮೂತ್ರದ ಪ್ರೋಟೀನನ್ನೂ, ಒತ್ತಡವನ್ನೂ ಅಳೆದು ಬರೆದಿಟ್ಟುಕೊಳ್ಳುವುದು ಇನ್ನೂ ಮುಖ್ಯವಾದ ಕೆಲಸ. ಕಾರಣವಿಷ್ಟೇ: ಸಾಮಾನ್ಯ ಗರ್ಭಿಣಿಯಲ್ಲಿ ಕ್ರಿಯಾಟಿನಿನ್ ಇಳಿದು 0.4ರಿಂದ 0.8ರ ನಡುವೆ ನಿಲ್ಲುತ್ತದೆ. ದಾನಿಯ ಅಂಕಿ ಮೊದಲಿನಿಂದಲೇ ತುಸು ಮೇಲಿರುವುದರಿಂದ, ಬಸಿರಿನಲ್ಲಿ 0.9 ಬಂದರೆ ಅದು ಆಕೆಯ ಸಹಜಸ್ಥಿತಿಯೋ ವ್ಯಾಧಿಯ ಪೀಠಿಕೆಯೋ ಎಂಬುದನ್ನು ಹಳೆಯ ಅಂಕಿಯಿಲ್ಲದೆ ಯಾವ ಪಂಡಿತನೂ ನಿರ್ಣಯಿಸಲಾರ. ಆದರೆ ಆ ಹಳೆಯ ಕಾಗದ ಇರುವುದೆಲ್ಲಿ? ಎಷ್ಟೋ ಮನೆಗಳಲ್ಲಿ ದಾನಿಯ ಡಿಸ್‌ಚಾರ್ಜ್ ಸಾರಾಂಶವು ಪಡೆದವನ ದಪ್ಪ ಫೈಲಿನ ನಡುವೆ ಅವನ ಹೆಸರಿನಡಿಯಲ್ಲೇ ಮಲಗಿರುತ್ತದೆ. ತಂಗಿ ಮದುವೆಯಾಗಿ ಬೇರೆ ಊರಿಗೆ ಹೋಗುತ್ತಾಳೆ, ಫೈಲು ಅಣ್ಣನ ಬೀರುವಿನಲ್ಲಿ ಉಳಿಯುತ್ತದೆ.

ತಾಲ್ಲೂಕು ಆಸ್ಪತ್ರೆಯ ಬಸುರಿಯರ ಸಾಲಿನಲ್ಲಿ ನಡೆಯುವುದನ್ನು ಒಂದು ಕ್ಷಣ ಕಣ್ಣಮುಂದೆ ತಂದುಕೊಳ್ಳಬೇಕು. ತಾಯಿ ಕಾರ್ಡನ್ನು ಬಿಡಿಸಿಟ್ಟುಕೊಂಡು ನರ್ಸು, "ಹಿಂದೆ ಏನಾದರೂ ಆಪರೇಷನ್ ಆಗಿದೆಯೇನಮ್ಮಾ?" ಎಂದು ಕೇಳುತ್ತಾಳೆ, ಪಕ್ಕದಲ್ಲಿ ಅತ್ತೆ ನಿಂತಿದ್ದಾಳೆ, ಮದುವೆಯ ಮಾತುಕತೆಯಲ್ಲಿ ತವರಿನವರು ಮುಚ್ಚಿಟ್ಟ ಸಂಗತಿಯನ್ನು ಇಲ್ಲಿ ಹೇಗೆ ಬಾಯಿಬಿಡುವುದೆಂದು ಹುಡುಗಿ "ಇಲ್ಲ ಸಿಸ್ಟರ್" ಎಂದುಬಿಡುತ್ತಾಳೆ. ಇಂದಿನ ಉದರದರ್ಶಕ (ಲ್ಯಾಪರೊಸ್ಕೋಪಿಕ್) ಶಸ್ತ್ರಕ್ರಿಯೆಯಲ್ಲಿ ಮೂತ್ರಪಿಂಡವನ್ನು ಹಲವೆಡೆ ಕೆಳಹೊಟ್ಟೆಯ ಅಡ್ಡಗೀರಿನಿಂದ ಹೊರತೆಗೆಯುವರು. ಆ ಕಲೆ ಸಿಸೇರಿಯನ್ ಕಲೆಯನ್ನೇ ಹೋಲುತ್ತದೆ. ಚೊಚ್ಚಲ ಬಸುರಿಯ ಹೊಟ್ಟೆಯ ಮೇಲೆ ಅಂಥ ಕಲೆಯನ್ನು ಕಂಡು ವೈದ್ಯೆಯ ಕೈ ನಿಂತರೆ ಒಳ್ಳೆಯದು, ನಿಲ್ಲದಿದ್ದರೆ ವಿಷಯ ಅಲ್ಲಿಗೇ ಮುಚ್ಚಿಹೋಗುತ್ತದೆ. ಮದುವೆಯ ಮಾರುಕಟ್ಟೆಯಲ್ಲಿ ಈ ತ್ಯಾಗವನ್ನು ಕುಂದೆಂದು ಎಣಿಸುವ ನಮ್ಮ ಬುದ್ಧಿಗೆ ಏನೆಂದು ಹೇಳೋಣ! ಆದರೂ ಬಸುರಿಯು ಅತ್ತೆಯನ್ನು ಹೊರಗೆ ಕಳುಹಿಸಿಯಾದರೂ ವೈದ್ಯರಿಗೆ ಹೇಳಲೇಬೇಕಾದ ಸಂಗತಿ ಇದು.

ಹೇಳಿದ ಮೇಲೆ ಮಾಡಬೇಕಾದ ಆರೈಕೆಯಲ್ಲಿ ದುರ್ಲಭವಾದುದೇನೂ ಇಲ್ಲ. ಒತ್ತಡವನ್ನು ಇತರರಿಗಿಂತ ಪದೇ ಪದೇ ನೋಡಬೇಕು. ಮೂತ್ರದಲ್ಲದ್ದಿದ ಪರೀಕ್ಷಾಪಟ್ಟಿಯ ಹಳದಿ ಚೌಕವು ಹಸಿರಿಗೆ ತಿರುಗಿದರೆ ಪ್ರೋಟೀನು ಹೋಗುತ್ತಿದೆಯೆಂದು ತಿಳಿದು ಮುಂದಿನ ಪರೀಕ್ಷೆಗೆ ಕಳುಹಿಸಬೇಕು. ಪ್ರತಿ ತಿಂಗಳ 9ನೆಯ ತಾರೀಖಿನಂದು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಸುರಕ್ಷಿತ ಮಾತೃತ್ವ ಅಭಿಯಾನದಲ್ಲಿ ಅಪಾಯವುಳ್ಳ ಬಸುರಿಯರ ಕಾರ್ಡಿಗೆ ಕೆಂಪು ಚೀಟಿ ಅಂಟಿಸುವ ಪದ್ಧತಿಯಿದೆ. ದಾನಿಯ ಕಾರ್ಡಿಗೆ ಅದು ಸಲ್ಲತಕ್ಕದ್ದೆಂದು ನನ್ನ ಅಭಿಪ್ರಾಯ. ಪ್ರಿ-ಎಕ್ಲಾಂಪ್ಸಿಯದ ಸಂಭವ ಹೆಚ್ಚಿರುವವರಿಗೆ ಹನ್ನೆರಡರಿಂದ ಹದಿನಾರನೆಯ ವಾರದೊಳಗೆ ಆರಂಭಿಸಿ ನಿತ್ಯ 75ರಿಂದ 150 ಮಿಲಿಗ್ರಾಮಿನ ಆಸ್ಪಿರಿನ್ ಕೊಡುವುದುಂಟು. ಕೊಡಬೇಕೇ ಬೇಡವೇ ಎಂಬುದು ವೈದ್ಯರ ನಿರ್ಣಯ, ಅಂಗಡಿಯಿಂದ ತಂದು ತಾನಾಗಿ ನುಂಗತಕ್ಕದ್ದಲ್ಲ. ದಾನದ ನಂತರ ಬಿ.ಪಿ. ಬಂದು ಮಾತ್ರೆ ನುಂಗುತ್ತಿರುವವಳು ಬಸಿರಿಗೆ ಮುಂಚೆಯೇ ತೋರಿಸಿಕೊಳ್ಳಬೇಕು; ಎನಲಾಪ್ರಿಲ್, ಲೊಸಾರ್ಟನ್ ಮೊದಲಾದುವು ಶಿಶುವಿಗೆ ಹಾನಿಕರ, ಅವುಗಳ ಬದಲಿಗೆ ಲೆಬೆಟಲಾಲ್, ನಿಫೆಡಿಪಿನ್ ಅಥವಾ ಮೀಥೈಲ್‌ಡೋಪ ಉಂಟು. ತಲೆ ಸಿಡಿಯುವುದು, ಕಣ್ಣು ಮಂಜಾಗುವುದು, ಎದೆಗೂಡಿನ ಕೆಳಗೆ ಬಲಗಡೆ ನೋಯುವುದು, ಮುಖವೂ ಕೈಯೂ ಥಟ್ಟನೆ ಊದುವುದು, ಇವುಗಳಲ್ಲಿ ಯಾವುದಾದರೂ ಕಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಬಸುರಿಗೆ ಕಾಲಲ್ಲಿ ನೀರಿಳಿಯುವುದು ಇದ್ದದ್ದೇ ಎಂಬ ಅಜ್ಜಿಯ ಸಮಾಧಾನ ದಾನಿಯ ಪಾಲಿಗೆ ಸಾಲದು.

ಇನ್ನೊಂದು ಅಂಗರಚನೆಯ ಸೂಕ್ಷ್ಮ. ಎಡಗಡೆಯ ಮೂತ್ರಪಿಂಡದ ರಕ್ತನಾಳ ಉದ್ದವಾಗಿರುವುದರಿಂದ ಕಸಿಗೆ ಅನುಕೂಲವೆಂದು ಶಸ್ತ್ರವೈದ್ಯರು ಸಾಮಾನ್ಯವಾಗಿ ಅದನ್ನೇ ತೆಗೆಯುತ್ತಾರೆ. ದಾನಿಯಲ್ಲಿ ಉಳಿಯುವುದು ಬಲಗಡೆಯದು. ಬೆಳೆಯುವ ಗರ್ಭಕೋಶವು ಬಲಕ್ಕೆ ವಾಲಿ ಆ ಕಡೆಯ ಮೂತ್ರನಾಳವನ್ನೇ ಹೆಚ್ಚಾಗಿ ಒತ್ತುವುದರಿಂದ, ಮೂತ್ರ ತಡೆದು ನಿಂತು ಸೋಂಕು ತಗಲುವುದಕ್ಕೆ ಅಲ್ಲಿಯೇ ಅವಕಾಶ ಹೆಚ್ಚು. ಎರಡು ಇದ್ದವಳಲ್ಲಿ ಒಂದರ ಸೋಂಕು ಒಂದರ ಸೋಂಕಷ್ಟೇ. ಒಂಟಿಯಾದದ್ದಕ್ಕೆ ತಗಲಿದರೆ ಪಕ್ಕದಲ್ಲಿ ನೆರವಿಗೆ ಇನ್ನೊಂದಿಲ್ಲ. ಉರಿಮೂತ್ರ, ಚಳಿಜ್ವರ, ಸೊಂಟದ ಪಕ್ಕದ ನೋವುಗಳನ್ನು ಎಳನೀರು ಬಾರ್ಲಿ ಗಂಜಿಗಳಿಗೆ ಬಿಟ್ಟು ದಿನ ಕಳೆಯಬಾರದು.

ಹೆರಿಗೆಯ ಕ್ರಮದಲ್ಲಿ ದಾನದಿಂದ ಯಾವ ಅಡ್ಡಿಯೂ ಇಲ್ಲ. ಮೂತ್ರಪಿಂಡವಿರುವುದು ಗರ್ಭಕೋಶದ ಹಾದಿಯಲ್ಲಲ್ಲ, ಬೆನ್ನಿನ ಕಡೆ. ಒಂದನ್ನು ಕೊಟ್ಟವಳೆಂಬ ಕಾರಣಕ್ಕೇ ಸಿಸೇರಿಯನ್ ಮಾಡುವ ಅಗತ್ಯವಿಲ್ಲ. ಹೆತ್ತ ಮೇಲೂ ಕೆಲವು ದಿನ ಒತ್ತಡ ಏರಬಹುದಾದುದರಿಂದ ಬಾಣಂತನದ ಆರಂಭದಲ್ಲಿ ಅದನ್ನು ನೋಡುತ್ತಿರಬೇಕು, ಆರು ವಾರ ಕಳೆದ ಮೇಲೆ ಮತ್ತೊಮ್ಮೆ ಅಳೆಯಬೇಕು. ಬಸಿರಿನಲ್ಲಿ ಪ್ರಿ-ಎಕ್ಲಾಂಪ್ಸಿಯ ಬಂದವರಿಗೆ ಮುಂದಿನ ವಯಸ್ಸಿನಲ್ಲಿ ಬಿ.ಪಿ.ಯೂ ಮೂತ್ರಪಿಂಡದ ರೋಗವೂ ಬರುವ ಸಂಭವ ಹೆಚ್ಚಾದ ಕಾರಣ, ಅಂಥ ದಾನಿಯು ವರ್ಷಕ್ಕೊಮ್ಮೆಯ ತಪಾಸಣೆಯನ್ನು ತಪ್ಪಿಸುವಂತಿಲ್ಲ. ಹೆರಿಗೆಯ ವಾರ್ಡಿನಲ್ಲಿ ಹೊಲಿಗೆಯ ನೋವಿಗೆಂದು ಡೈಕ್ಲೋಫೆನಾಕ್ ಸೂಜಿಯನ್ನೋ ಮಾತ್ರೆಯನ್ನೋ ಎಲ್ಲರಿಗೂ ಕೊಡುವ ರೂಢಿಯುಂಟು. ಆ ವರ್ಗದ ನೋವುಮದ್ದುಗಳು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ಕುಗ್ಗಿಸುವುದರಿಂದ, ದಾನಿಯು ಪಾಳಿ ಬದಲಾದಾಗಲೆಲ್ಲ ಹೊಸದಾಗಿ ಬಂದ ನರ್ಸಿಗೆ ತನಗಿರುವುದು ಒಂದೇ ಮೂತ್ರಪಿಂಡವೆಂದು ತಿಳಿಸಿ, ಪ್ಯಾರಸಿಟಮಾಲ್ ಕೊಡುವಂತೆ ಕೇಳಿಕೊಳ್ಳಬೇಕು. ಬಾಣಂತಿ ನಿದ್ದೆ ಹೋಗಿದ್ದರೆ, ಪಕ್ಕದಲ್ಲಿರುವ ತಾಯಿಯಾದರೂ ಈ ಮಾತನ್ನು ಹೇಳಬೇಕು.